ಹೊಸ ಬೋರ್ ಬೇಡ, ಮೊದಲು ಮೀಟರ್ ನೋಡಿ

ವಿಜಯಪುರ ಕಡೆಯ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ನೀರಿನ ಉಸ್ತುವಾರಿ ನನ್ನದು. ಇಲ್ಲಿ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಾಗ ಎಲ್ಲರದೂ ಒಂದೇ ಮಾತು, ಇನ್ನೊಂದು ಬೋರ್ ಹಾಕಿಸಿ ಅಂತ. ಇರುವ ನೀರು ಎಲ್ಲಿ ಹೋಗುತ್ತಿದೆ ಅಂತ ಮೊದಲು ನೋಡೋಣ ಅಂದೆ ನಾನು.

ದಸರಾ ರಜೆಯಲ್ಲಿ ಹಾಸ್ಟೆಲ್ ಖಾಲಿ ಇತ್ತು. ಓವರ್‌ಹೆಡ್ ಟ್ಯಾಂಕ್‌ನಿಂದ ಇಳಿಯುವ ಪೈಪಿಗೆ ಮೀಟರ್ ಕೂರಿಸಿ, ರಾತ್ರಿ ಒಮ್ಮೆ, ಬೆಳಗಿನ ಜಾವ ಒಮ್ಮೆ ಓದಿದೆವು. ಯಾರೂ ನಲ್ಲಿ ತಿರುಗಿಸಿರಲಿಲ್ಲ, ಆದರೂ ಮೀಟರ್ ಓಡಿತ್ತು. ನೆಲ ಅಗೆಯಬೇಕು ಅಂದರು ಪ್ಲಂಬರ್. ಅದಕ್ಕೂ ಮುಂಚೆ ಪ್ರತಿ ಫ್ಲಶ್ ಟ್ಯಾಂಕಿಗೂ ಒಂದಿಷ್ಟು ನೀಲಿ ಶಾಯಿ ಸುರಿದು, ಕಾಲು ಗಂಟೆ ಹಾಗೇ ಬಿಟ್ಟೆವು. ಕಮೋಡಿನ ಒಳಗೋಡೆಯ ಮೇಲೆ ಕೂದಲೆಳೆಯಂಥ ನೀಲಿ ಗೆರೆ ಇಳಿಯತೊಡಗಿತು. ಒಂದರಲ್ಲಲ್ಲ, ಸಾಲಿಗೆ ಸಾಲೇ! ಶಾಯಿ ಹಾಕದಿದ್ದರೆ ಈ ಸೋರಿಕೆ ಕಣ್ಣಿಗೂ ಬೀಳುವುದಿಲ್ಲ, ಕಿವಿಗೂ ಬೀಳುವುದಿಲ್ಲ. ನಮ್ಮ ಬೋರಿನ ಗಡಸು ನೀರೇ ಕಾರಣ. ತಳದ ರಬ್ಬರ್ ವಾಷರ್ ಮೇಲೆ ಬಿಳಿ ಉಪ್ಪು ಕಟ್ಟಿ, ಅದು ಬಿಗಿಯಾಗಿ ಕೂರುವುದೇ ಇಲ್ಲ. ವಾಷರ್ ಬದಲಿಸುವುದು ಕೆಲವೇ ನಿಮಿಷದ ಕೆಲಸ. ಉಪ್ಪು ಮತ್ತೆ ಕಟ್ಟುತ್ತದೆ, ಹಾಗಾಗಿ ಈಗ ಪ್ರತಿ ರಜೆಯಲ್ಲೂ ಶಾಯಿ ಹಾಕುತ್ತೇವೆ.

ಆಮೇಲೆ ಚಾವಣಿಗೆ ಕೈಹಾಕಿದೆವು. ಸಾವಿರ ಚದರ ಮೀಟರ್ ಚಾವಣಿ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್ ನೀರು. ನಮ್ಮ ಮಳೆಗೆ ಅದು ವರ್ಷಕ್ಕೆ 6 ಲಕ್ಷ ಲೀಟರ್. ಸ್ವಲ್ಪ ನಷ್ಟವಾದರೂ ಸಣ್ಣ ಲೆಕ್ಕವಲ್ಲ, ಅಲ್ವಾ? ಎಲ್ಲ ಕಡೆ ಇಂಗುಗುಂಡಿ ತೋಡಿ ಎನ್ನುತ್ತಾರೆ. ನಮ್ಮ ಎರೆ (ಕಪ್ಪು ಮಣ್ಣಿನ) ಭೂಮಿಗೆ ಅದು ಒಗ್ಗುವುದಿಲ್ಲ. ಎರೆ ಮಣ್ಣು ನೆನೆದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ, ನೀರು ಗುಂಡಿಯಲ್ಲೇ ನಿಂತು ಸೊಳ್ಳೆ ಸಾಕುತ್ತದೆ. ಅದಕ್ಕೇ ಚಾವಣಿ ನೀರನ್ನು ಸಂಪಿಗೆ ತಿರುಗಿಸಿದೆವು. ಸಂಪು ತುಂಬಿ ಉಕ್ಕಿದ್ದು ಜಲ್ಲಿ, ಮರಳಿನ ಫಿಲ್ಟರ್ ದಾಟಿ ಬತ್ತಿದ ಬೋರ್‌ವೆಲ್‌ಗೆ ಇಳಿಯುತ್ತದೆ.

ಫಿಲ್ಟರಿಗೆ ಮುಂಚೆ ಹೂಳು ಕೂರಲು ಒಂದು ತೊಟ್ಟಿ ಇದೆ. ಈ ಉಪಾಯ ಊರಲ್ಲೇ ಇತ್ತು. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬ್ ಎಂಬ ಕೆರೆಯಿಂದ ಕೋಟೆಯೊಳಗೆ ನೀರು ತರುವಾಗ ದಾರಿಯಲ್ಲಿ ಗಂಜ್ ಎಂಬ ಗೋಪುರ ಕಟ್ಟಿದ್ದರು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳೂ ತಳಕ್ಕೆ ಕೂರುತ್ತಿತ್ತು. ಇಂದಿಗೂ ಕೆಲವು ಗಂಜ್ ನಿಂತಿವೆ, ಬಂದವರು ನೋಡಬೇಕು.

ಮುಂಗಾರಿಗೆ ಮೊದಲು ಚಾವಣಿ ಗುಡಿಸಿ, ಜಲ್ಲಿ ತೊಳೆಯುತ್ತೇವೆ. ಮೊದಲ ಮಳೆಯ ನೀರನ್ನು ವಾಲ್ವ್ ತಿರುಗಿಸಿ ಹೊರಗೇ ಬಿಡುತ್ತೇವೆ. ಧೂಳು, ಪಾರಿವಾಳದ ಹಿಕ್ಕೆ ಬೋರ್‌ವೆಲ್‌ಗೆ ಇಳಿದರೆ ತೆಗೆಯುವುದು ಬಲು ಕಷ್ಟ. ಹಾಗಾಗಿ ಆ ವಾಲ್ವ್‌ನ ಕೀಲಿ ನಾನೇ ಇಟ್ಟುಕೊಂಡಿದ್ದೇನೆ.