ಡಬ್ಲಿನ್‌ಗೆ ಹೊರಟವರು ಜೋಗಿಣಿಯನ್ನು ನೋಡದೆ ಇರಬೇಡಿ

ರಜೆಗೆಂದು ವಿಜಯಪುರಕ್ಕೆ ಬಂದಿದ್ದೇನೆ. ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ಡಬ್ಲಿನ್‌ಗೆ ಓದಲು ಹೊರಟಿರುವ ಓಣಿಯ ಹುಡುಗರು ಸಂಜೆ ಬಂದು ಕೂರುತ್ತಾರೆ. ಬಾಡಿಗೆ ಎಷ್ಟು, ಕೆಲಸ ಸಿಗುತ್ತದೆಯೇ, ಜೋಳದ ಹಿಟ್ಟು ಎಲ್ಲಿ ಎಂದೆಲ್ಲ ಕೇಳುತ್ತಾರೆ. ಮಳೆ ಹಿಡಿದ ಭಾನುವಾರ ಎಲ್ಲಿಗೆ ಹೋಗುವುದೆಂದು ಮಾತ್ರ ಯಾರೂ ಕೇಳುವುದಿಲ್ಲ. ನವೆಂಬರ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲಾದಾಗ ಕೇಳುತ್ತೀರಿ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಚೆಸ್ಟರ್ ಬೀಟಿ ಮ್ಯೂಸಿಯಂಗೆ ಹೋಗಿ.

ಟ್ರಿನಿಟಿ ಕಾಲೇಜಿನಿಂದ ಡೇಮ್ ಸ್ಟ್ರೀಟ್ ಹಿಡಿದು ಹತ್ತು ನಿಮಿಷ ನಡೆದರೆ ಡಬ್ಲಿನ್ ಕ್ಯಾಸಲ್. ಮ್ಯೂಸಿಯಂ ಅದರ ಆವರಣದಲ್ಲೇ ಇದೆ. ಪ್ರವೇಶ ಉಚಿತ. ಕಾಣಿಕೆ ಪೆಟ್ಟಿಗೆ ಕಂಡು ಮುಜುಗರಪಡಬೇಡಿ, ಸಂಬಳ ಬರುವಾಗ ಹಾಕಿದರಾಯಿತು. ಗಣಿಗಾರಿಕೆಯಲ್ಲಿ ದುಡ್ಡು ಮಾಡಿದ ಅಮೆರಿಕದ ಆಲ್ಫ್ರೆಡ್ ಚೆಸ್ಟರ್ ಬೀಟಿ 1950ರಲ್ಲಿ ಡಬ್ಲಿನ್‌ಗೆ ಬಂದು ನೆಲೆಸಿ, 1968ರಲ್ಲಿ ತೀರಿಕೊಂಡಾಗ ಜನರಿಗೆ ಬಿಟ್ಟುಹೋದ ಹಸ್ತಪ್ರತಿ, ಚಿತ್ರಗಳ ಸಂಗ್ರಹವಿದು. ಅದರಲ್ಲಿ ನಮ್ಮೂರಿನ ಸೊತ್ತೂ ಇದೆ.

ಹದಿನೇಳನೆಯ ಶತಮಾನದ ಆರಂಭದ ಒಂದು ಚಿತ್ರ. ನಮ್ಮೂರಿನ ಇಬ್ರಾಹಿಂ ರೋಜಾದ ಗೋರಿಯಲ್ಲಿ ಮಲಗಿರುವ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು. ಮುಖಕ್ಕೆ ಬೂದಿ ಬಳಿದ ಜೋಗಿಣಿ, ಜಟೆಯನ್ನು ನೆತ್ತಿಯ ಮೇಲೆ ಕಟ್ಟಿದ್ದಾಳೆ. ಜೋಗಿಣಿಯಾದರೂ ಮೈತುಂಬ ಜರಿ, ಒಡವೆ. ಕೈಮೇಲೆ ಕುಳಿತ ಗೊರವಂಕದೊಂದಿಗೆ ಏನೋ ಗುಟ್ಟು ಮಾತಾಡುತ್ತಿದ್ದಾಳೆ. ಪಕ್ಕದಲ್ಲಿ ಆಳೆತ್ತರದ ಹೂಗಳು, ದೂರದ ಗುಡ್ಡದ ಮೇಲೆ ಅರಮನೆ. ಇಷ್ಟೆಲ್ಲ ಇರುವುದು ಶಾಲೆಯ ನೋಟುಪುಸ್ತಕದಷ್ಟು ಜಾಗದಲ್ಲಿ! 1570ರಲ್ಲಿ ವಿಜಯಪುರದಲ್ಲೇ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಎಂಬ ಜ್ಯೋತಿಷ್ಯದ ಹಸ್ತಪ್ರತಿಯೂ ಅಲ್ಲಿದೆ.

ಒಂದು ಎಚ್ಚರಿಕೆ. ಕಾಗದದ ಚಿತ್ರಗಳು ಬೆಳಕಿಗೆ ಮಾಸುತ್ತವೆಂದು ಅವನ್ನು ಆಗಾಗ ಒಳಗಿಟ್ಟು ಬೇರೆ ಚಿತ್ರಗಳನ್ನು ಹೊರತೆಗೆಯುತ್ತಾರೆ. ಜೋಗಿಣಿ ಹೊರಗಿದ್ದಾಳೆಯೇ ಎಂದು ಮೊದಲು ವಿಚಾರಿಸಿ. ಒಳಗಿನ ಮಂದ ಬೆಳಕಿಗೂ ಅದೇ ಕಾರಣ. ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಫ್ಲಾಶ್ ಹಾಕಬೇಡಿ. ಬೆನ್ನಿಗೆ ಚೀಲ ಹೊತ್ತು ತಿರುಗಬೇಡಿ. ನಾನೊಮ್ಮೆ ಗರ್ರನೆ ತಿರುಗಿ ಚೀಲವನ್ನು ಗಾಜಿನ ಪೆಟ್ಟಿಗೆಗೆ ತಾಗಿಸಿ, ಇಡೀ ಕೋಣೆ ನನ್ನನ್ನೇ ನೋಡುವಂತೆ ಮಾಡಿದ್ದೆ.

ಅವ್ವ ಡಬ್ಲಿನ್‌ಗೆ ಬಂದಾಗ ಈ ಮ್ಯೂಸಿಯಂನ ಧರ್ಮಗ್ರಂಥಗಳ ಕೋಣೆಯ ಬಾಗಿಲಲ್ಲೇ ನಿಂತು, “ಚಪ್ಪಲಿ ಎಲ್ಲಿ ಬಿಡುವುದು?” ಎಂದು ಕೇಳಿದಳು. ಬಿಡಬೇಕಾಗಿಲ್ಲ ಎಂದರೂ ಅವಳಿಗೆ ಸಮಾಧಾನವಾಗಲಿಲ್ಲ. ಕುರಾನ್ ಮುಂದೆ ಕೈಮುಗಿದೇ ಮುಂದೆ ಹೋದಳು.

ಮೆರಿಯನ್ ಸ್ಕ್ವೇರ್‌ನ ನ್ಯಾಷನಲ್ ಗ್ಯಾಲರಿಗೂ ಟಿಕೆಟ್ ಇಲ್ಲ. ಇಟಲಿಯ ಚಿತ್ರಕಾರ ಕಾರವಾಜ್ಜೋನ ಒಂದು ಚಿತ್ರವಿದೆ, ನೋಡಿ. ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ದುಡ್ಡು ಕೊಟ್ಟಿಲ್ಲವಲ್ಲ, ಅರ್ಧ ಗಂಟೆಗೆ ಎದ್ದು ಬಂದರೂ ನಷ್ಟವಿಲ್ಲ.

ಅದಕ್ಕೂ ಮೊದಲು ಗೋಳಗುಮ್ಮಟದ ಮುಂದಿರುವ ನಕ್ಕರ್ ಖಾನೆಯ (ನಗಾರಿ ಬಾರಿಸುತ್ತಿದ್ದ ಕಟ್ಟಡದ) ಮ್ಯೂಸಿಯಂ ನೋಡಿದ್ದೀರಾ ಎಂದರೆ ಹುಡುಗರು ಮುಖ ಮುಖ ನೋಡಿಕೊಂಡರು. ನಾಳೆ ಶುಕ್ರವಾರ, ಬಾಗಿಲು ಮುಚ್ಚಿರುತ್ತದೆ. ಶನಿವಾರ ಬೆಳಿಗ್ಗೆ ಹೊರಡುವುದೆಂದು ಗೊತ್ತುಮಾಡಿದ್ದೇವೆ.