ಅಪ್ಪನ ಕೈನಡುಕದ ಬೇರು ಮಾತ್ರೆ ಡಬ್ಬಿಯಲ್ಲಿತ್ತು

ಬ್ಯಾಂಕಿನವರು ಅಪ್ಪನ ಚೆಕ್ ವಾಪಸ್ ಮಾಡಿದರು. ಸಹಿ ತಾಳೆಯಾಗುತ್ತಿಲ್ಲ ಅಂತ. ಮನೆಗೆ ಬಂದು ಹಳೆ ಸಹಿಯ ಪಕ್ಕ ಹೊಸದನ್ನು ಇಟ್ಟು ನೋಡಿದೆ. ಮೊದಲ ಎರಡು ಅಕ್ಷರ ಸರಿಯಾಗಿದ್ದವು. ಆಮೇಲೆ ಕುಗ್ಗುತ್ತಾ ಹೋಗಿ ಕೊನೆಗೆ ಇರುವೆ ಸಾಲಿನ ಹಾಗಾಗಿತ್ತು. ಕೈನಡುಕ, ಕಾಲೆಳೆದು ನಡೆಯೋದು ಅದಕ್ಕೂ ಮೊದಲೇ ಶುರುವಾಗಿತ್ತು. ‘ಎಪ್ಪತ್ತಾರು ಆಯ್ತಲ್ಲ, ಇನ್ನೇನು’ ಅಂದರು ಎಲ್ಲರೂ. ಮೆದುಳಿನ ಪಾರ್ಕಿನ್ಸನ್ ಕಾಯಿಲೆ ಅಂತ ಅಣ್ಣ ತೀರ್ಮಾನ ಮಾಡಿಯೇ ಬಿಟ್ಟಿದ್ದ. ನನಗೆ ಮಾತ್ರೆಗಳ ಮೇಲೆ ಅನುಮಾನ. ಆ ಅನುಮಾನ ನಿಜ ಅಂತ ತೋರಿಸೋಕೆ ಸುಮಾರು ಎಂಟು ತಿಂಗಳು ಹಿಡಿಯಿತು. ಈಗ ಅದೇ ಅಣ್ಣ ತನ್ನ ಮಾವನ ಚೀಟಿಗಳನ್ನೆಲ್ಲ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾನೆ.

ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಮಾತ್ರೆ ಡಬ್ಬಿ, ಬಿಪಿ ಮಷೀನು, ರಿಪೋರ್ಟ್ ಫೈಲು ಇವೆಲ್ಲ ಹೇಳಿಕೊಡಬೇಕಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ.

ಸ್ಕ್ಯಾನು, ರಕ್ತಪರೀಕ್ಷೆ ಅಂತ ನನ್ನ ಒಂದೂವರೆ ತಿಂಗಳ ಸಂಬಳ ಹೋಯಿತು. ‘ವಯಸ್ಸಿಗೆ ತಕ್ಕಂತಿದೆ’ ಅಂತ ರಿಪೋರ್ಟ್ ಬಂತು. ಯಾವ ಮಾತ್ರೆ ಯಾವಾಗಿನಿಂದ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಮಣಿಕಟ್ಟಿಗೆ ಕಟ್ಟುವ ಬಿಪಿ ಮಷೀನು ತಂದೆ, ಐದು ನಿಮಿಷಕ್ಕೊಂದು ಲೆಕ್ಕ ಹೇಳಿತು. ಅದನ್ನು ಬಿಟ್ಟು ತೋಳಿಗೆ ಕಟ್ಟುವುದನ್ನು ಕೊಳ್ಳಬೇಕಾಯಿತು. ಮಾತ್ರೆ ಡಬ್ಬದೊಳಗಿನ ಸಣ್ಣಕ್ಷರದ ಚೀಟಿಗಳನ್ನೆಲ್ಲ ಕೂತು ಓದಿದೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ‘ತಲೆಸುತ್ತು’ ಇತ್ತು. ಅದರಿಂದ ಏನು ಗೊತ್ತಾಗುತ್ತೆ?

ದೊಡ್ಡ ತಪ್ಪು ಇನ್ನೊಂದು. ಆಸಿಡಿಟಿಗೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಪ್ಯಾಂಟೊಪ್ರಜೋಲ್ ಅನ್ನು ನಾನೇ ನಿಲ್ಲಿಸಿದೆ. ಏನೂ ಆಗಲಿಕ್ಕಿಲ್ಲ ಅಂದುಕೊಂಡೆ. ನಾಲ್ಕನೇ ದಿನಕ್ಕೆ ಎದೆಯುರಿ ತಡೆಯಲಾರದೆ ಅಪ್ಪ ರಾತ್ರಿಯೆಲ್ಲ ಎದ್ದು ಕೂತರು. ತುಂಬಾ ದಿನ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಹೊಟ್ಟೆಯ ಆಮ್ಲ ಕೆಲವು ವಾರ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ ಅಂತ ಆಮೇಲೆ ತಿಳಿಯಿತು. ಅದೇ ಡಬ್ಬಿಯಲ್ಲಿ ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಇತ್ತು, ಆತಂಕ, ನಿದ್ದೆಗೆ ಕೊಡುವ ಕ್ಲೋನಜೆಪಾಮ್ ಇತ್ತು. ಮೊದಲನೆಯದನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಏಟು ಬೀಳಬಹುದು, ಎರಡನೆಯದಕ್ಕೆ ಫಿಟ್ಸ್ ಬರಬಹುದು. ಅವತ್ತು ನನ್ನ ಕೈ ಅವುಗಳ ಮೇಲೆ ಹೋಗಿದ್ದರೆ ಅಂತ ಈಗಲೂ ಎದೆ ನಡುಗುತ್ತದೆ. ದಯವಿಟ್ಟು ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಕೊನೆಗೆ ಕೈಹಿಡಿದಿದ್ದು ತಾರೀಖುಗಳು. ನೋಟ್‌ಬುಕ್ಕನ್ನು ಅಡ್ಡ ಹಿಡಿದು ನಡುವೆ ಒಂದು ಗೆರೆ ಎಳೆದೆ. ಗೆರೆಯ ಮೇಲೆ ಯಾವ ಮಾತ್ರೆ ಎಂದು ಶುರು, ಡೋಸ್ ಎಂದು ಬದಲು. ಕೆಳಗೆ ಯಾವ ತೊಂದರೆ ಎಂದು ಶುರು. ಹಳೇ ಚೀಟಿ, ಬಿಲ್ಲು, ಫೋನಿನ ಮೆಸೇಜು ಎಲ್ಲ ಕೆದಕಿ ಮೂರು ಭಾನುವಾರ ಕೂತೆ. ಮೂರನೇ ಭಾನುವಾರ ಸಂಜೆ ಅದು ಕಣ್ಣಿಗೆ ಹೊಡೆದಂತೆ ಕಂಡಿತು.

ಬಿಪಿಗೆ ಅಂತ ಆಮ್ಲೋಡಿಪಿನ್ 5 ಎಂಜಿ ಇದ್ದಿದ್ದು 10 ಆಯಿತು. ಮೂರು ವಾರಕ್ಕೆ ಕಾಲು ಊದಿತು. ಊತಕ್ಕೆ ಬೇರೊಬ್ಬ ಡಾಕ್ಟರ್ ಮೂತ್ರ ಹೋಗಿಸುವ ಫ್ಯೂರೋಸೆಮೈಡ್ ಕೊಟ್ಟರು. ಹತ್ತು ದಿನಕ್ಕೆ ಎದ್ದು ನಿಂತರೆ ತಲೆಸುತ್ತು. ತಲೆಸುತ್ತಿಗೆ ಮತ್ತೊಬ್ಬರು ಸಿನ್ನಾರಿಜಿನ್ ಕೊಟ್ಟರು. ಅದನ್ನು ಯಾರೂ ನಿಲ್ಲಿಸಲೇ ಇಲ್ಲ. ಐದಾರು ತಿಂಗಳಿಗೆ ಕೈನಡುಕ. ಒಂದರ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಕೊಡುತ್ತಾ ಹೋಗಿದ್ದರು. ಆಮ್ಲೋಡಿಪಿನ್ ಊತ ಮೈಯಲ್ಲಿ ನೀರು ಜಾಸ್ತಿಯಾಗಿ ಬರೋದಲ್ಲ. ಸಣ್ಣ ರಕ್ತನಾಳಗಳು ಹಿಗ್ಗಿ ಅಲ್ಲಿಂದ ನೀರು ಜಿನುಗುತ್ತದೆ. ಮೂತ್ರ ಹೋಗಿಸುವ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಇನ್ನು ಸಿನ್ನಾರಿಜಿನ್, ಚಲನೆಗೆ ಬೇಕಾದ ಮೆದುಳಿನ ರಾಸಾಯನಿಕ ಡೋಪಮೈನ್‌ಗೆ ಅಡ್ಡ ನಿಲ್ಲುತ್ತದೆ. ವಯಸ್ಸಾದವರಲ್ಲಿ ಪಾರ್ಕಿನ್ಸನ್ ತರಹವೇ ಮಾಡಿಬಿಡುತ್ತದೆ. ತಲೆನೋವು, ತಲೆಸುತ್ತು, ವಾಂತಿಗೆ ಕೊಡುವ ಫ್ಲೂನಾರಿಜಿನ್, ಪ್ರೋಕ್ಲೋರ್‌ಪೆರಜಿನ್, ಮೆಟೊಕ್ಲೋಪ್ರಮೈಡ್ ಕೂಡ ಹಾಗೇ.

ಬರೀ ಗೆರೆ ತೋರಿಸಿದರೆ ಡಾಕ್ಟರ್ ಒಪ್ಪುತ್ತಾರಾ? ಅದಕ್ಕೇ ಬಿಪಿ ಲೆಕ್ಕ ಕೂಡಿಸಿದೆ. ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಮೇಲೆ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ. ಮೇಲಿನ ಅಂಕಿ 20 ಇಳಿದರೆ ಅಥವಾ ಕೆಳಗಿನದು 10 ಇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಪ್ಪನಿಗೆ ಮಲಗಿದಾಗ 140ರ ಆಸುಪಾಸು, ನಿಂತರೆ 110. ಒಂಬತ್ತು ದಿನ ಬರೆದೆ. ಹಠಮಾರಿ ಅಪ್ಪನನ್ನು ದಿನಾ ಬೆಳಗ್ಗೆ ಹೇಗೆ ಒಪ್ಪಿಸಿದೆ ಅನ್ನೋದು ನಮ್ಮಿಬ್ಬರ ಗುಟ್ಟು, ಇಲ್ಲಿ ಬರೆಯೋದಿಲ್ಲ.

ಹಿರಿಯರ ಕಾಯಿಲೆಗಳನ್ನೇ ನೋಡುವ ಒಬ್ಬ ಡಾಕ್ಟರ್ ಹತ್ತಿರ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋದೆವು. ಹನ್ನೊಂದು ಬಗೆ. ಅದರಲ್ಲಿ ಎರಡು ಒಂದೇ ಔಷಧಿ, ಕಂಪನಿ ಹೆಸರು ಮಾತ್ರ ಬೇರೆ. ಅವರು ಗೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ‘ಇದನ್ನ ಯಾರಮ್ಮ ಮಾಡಿದ್ದು?’ ಅಂತ ಕೇಳಿದರು. ನಾನೇ ಸಾರ್ ಅಂದೆ. ಆ ಹೆಮ್ಮೆ ಇನ್ನೂ ಇದೆ.

ಮೊದಲು ಸಿನ್ನಾರಿಜಿನ್ ನಿಂತಿತು. ಎರಡು ವಾರ ಬಿಟ್ಟು ಫ್ಯೂರೋಸೆಮೈಡ್. ಆಮೇಲೆ ಆಮ್ಲೋಡಿಪಿನ್ ಮತ್ತೆ 5ಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗಲ್ಲ. ಪಾದದ ಗಂಟಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಅದೇ ಜಾಗದಲ್ಲಿ ಟೇಪಿನಿಂದ ಸುತ್ತಳತೆ ತೆಗೆಯುತ್ತಿದ್ದೆ. ಡೋಸ್ ಇಳಿಸಿದ ಎರಡು ವಾರಕ್ಕೆ ಮೂರು ಸೆಂಟಿಮೀಟರ್ ಹತ್ತಿರ ಇಳಿಯಿತು. ಫೋನ್ ವಿಡಿಯೊದಲ್ಲಿ ನಡಿಗೆಯ ಹೆಜ್ಜೆ ಎಣಿಸೋಕೂ ನೋಡಿದೆ. ಕ್ಯಾಮೆರಾ ಮುಂದೆ ಅಪ್ಪ ನೆಟ್ಟಗೆ ನಡೆದುಬಿಡುತ್ತಿದ್ದರು, ಬಿಟ್ಟುಬಿಟ್ಟೆ.

ನಡುವೆ ಬಿಪಿ ಸ್ವಲ್ಪ ಏರಿತು. ರಾಮಿಪ್ರಿಲ್ ಸೇರಿಸಿದರು. ಮೂರನೇ ವಾರ ಒಣ ಕೆಮ್ಮು. ಈ ಸಲ ಕೆಮ್ಮಿನ ಸಿರಪ್ಪು ತರಲಿಲ್ಲ. ಗೆರೆ ನೋಡಿದೆ, ಡಾಕ್ಟರಿಗೆ ಫೋನ್ ಮಾಡಿದೆ. ಬೇರೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದರು. ಕೆಮ್ಮು ಪೂರ್ತಿ ಹೋಗೋಕೆ ಒಂದು ತಿಂಗಳು ಬೇಕಾಯಿತು.

ಅಪ್ಪನಿಂದ ದಿನಾ ಸಂಜೆ ನೋಟ್‌ಬುಕ್ಕಿನಲ್ಲಿ ಒಂದು ಸಹಿ ಹಾಕಿಸುತ್ತಿದ್ದೆ. ಮೊದಲ ಆರು ವಾರ ಏನೂ ಬದಲಾಗಲಿಲ್ಲ. ಅಣ್ಣ ‘ನಾನು ಹೇಳಲಿಲ್ವಾ’ ಅಂದ. ಎರಡನೇ ತಿಂಗಳ ಕೊನೆಗೆ ಕೊನೆಯ ಅಕ್ಷರದ ಕೊಂಬು ಗೆರೆಯಿಂದ ಮೇಲೆದ್ದಿತು. ನಾಲ್ಕನೇ ತಿಂಗಳಿಗೆ ಸಹಿ ಉದ್ದಕ್ಕೂ ಒಂದೇ ಗಾತ್ರ. ಚೆಕ್ ಪಾಸಾಯಿತು. ಎಡಗೈ ಹೆಬ್ಬೆರಳು ಮಾತ್ರ ದಣಿದಾಗ ಇನ್ನೂ ಸ್ವಲ್ಪ ಅದುರುತ್ತದೆ. ಒಳಗೆ ಅಡಗಿದ್ದ ನಿಜವಾದ ಪಾರ್ಕಿನ್ಸನ್ ಅನ್ನು ಇಂಥ ಮಾತ್ರೆ ಕೆಲವರಲ್ಲಿ ಹೊರಗೆ ತರುವುದೂ ಉಂಟಂತೆ. ಇನ್ನಾರು ತಿಂಗಳು ನೋಡೋಣ ಅಂದಿದ್ದಾರೆ ಡಾಕ್ಟರ್. ಸಂಜೆಯ ಸಹಿ ನಿಲ್ಲಿಸಿಲ್ಲ.