ನಿಯಮಪುಸ್ತಕ ಮುಚ್ಚಿಟ್ಟು ಆಡಿಸಿದ್ದು

ನಾನು ಗೇಮ್ ಮಾಸ್ಟರ್ ಆಗಿ ಕೂರುವ ಮೇಜಿನ ಮೇಲೆ ಈಗ ದಪ್ಪ ಪುಸ್ತಕ ಇರುವುದಿಲ್ಲ. ಎರಡೂ ಬದಿ ಬರೆದ ಒಂದು ಹಾಳೆ ಇರುತ್ತದೆ, ಅಷ್ಟೇ. ಮೊದಲು ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಮೇಜಿನ ಸುತ್ತ ಕೂತು ಕಥೆ ಕಟ್ಟುತ್ತಾ ಆಡುವ ಆಟದ 2014ರ ಐದನೇ ಆವೃತ್ತಿ. ಮೂಲ ಪುಸ್ತಕಗಳೇ ಮೂರು, ಒಂದೊಂದೂ 300 ಪುಟ ದಾಟಿದ್ದು. ಅದನ್ನು ಬಿಟ್ಟು ಸರಳ ಪದ್ಧತಿಗೆ ಹೇಗೆ ಬಂದೆವು, ಬಂದ ಮೇಲೆ ಏನು ಸಲೀಸಾಯಿತು, ಯಾವ ಹೊಸ ಭಾರ ನನ್ನ ಹೆಗಲಿಗೆ ಬಿತ್ತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬ ಆಟಗಾರನೂ ಒಂದೊಂದು ಪಾತ್ರ ನಡೆಸುತ್ತಾನೆ. ಯೋಧ, ಮಾಂತ್ರಿಕ, ಕಳ್ಳ, ಹೀಗೆ. ಉಳಿದ ಜಗತ್ತೆಲ್ಲ ಗೇಮ್ ಮಾಸ್ಟರ್ ಕೈಯಲ್ಲಿ. ಏನು ಮಾಡುತ್ತೀನಿ ಅಂತ ಆಟಗಾರ ಹೇಳುತ್ತಾನೆ. ಆಗುತ್ತೋ ಇಲ್ಲವೋ ಅನುಮಾನ ಇದ್ದರೆ ದಾಳ ಉರುಳಿಸುತ್ತಾರೆ. ಆ ದಾಳವನ್ನು ಯಾವಾಗ, ಹೇಗೆ ಉರುಳಿಸಬೇಕು ಅನ್ನುವುದರ ಮೇಲೇ ಸಾವಿರಾರು ಪುಟ ಬರೆದಿದ್ದಾರೆ.

ಬದಲಾಯಿಸುವ ಮೊದಲು ನಾನು ಒಂದು ಲೆಕ್ಕ ಇಟ್ಟೆ. ಆಟದ ಮಧ್ಯೆ ಯಾರಾದರೂ ಪುಸ್ತಕ ತೆರೆದರೆ, ನನ್ನ ಟಿಪ್ಪಣಿಯ ಅಂಚಿನಲ್ಲಿ ಒಂದು ಗೀಟು ಎಳೆದು ಕಾರಣ ಬರೆಯುವುದು. ಗೀಟುಗಳು ಎಲ್ಲಿ ಗುಂಪುಗೂಡುತ್ತವೆ ಅಂತ ನೋಡಿದರೆ ವಿಷಯ ಸ್ಪಷ್ಟವಾಗಿತ್ತು. ಮೂಲ ಲೆಕ್ಕದ ಹತ್ತಿರ ಒಂದೂ ಇರಲಿಲ್ಲ. ಇಪ್ಪತ್ತು ಮುಖದ ದಾಳ ಹಾಕು, ನಿನ್ನ ಬೋನಸ್ ಸೇರಿಸು, ಇಂತಿಷ್ಟು ಬಂದರೆ ಗೆದ್ದೆ. ಇದನ್ನು ಚಿಕ್ಕ ಮಕ್ಕಳೂ ಕಲಿಯುತ್ತಾರೆ. ಗೀಟುಗಳೆಲ್ಲ ಬಿದ್ದದ್ದು ‘ಆದರೆ’ಗಳ ಮೇಲೆ. ಬೋನಸ್ ಆಕ್ಷನ್‌ನಲ್ಲಿ, ಅಂದರೆ ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕೆಲಸದಲ್ಲಿ, ಒಂದು ಮಂತ್ರ ಹಾಕಿದರೆ ಅದೇ ಸರದಿಯಲ್ಲಿ ಇನ್ನೊಂದು ಹಾಕಬಹುದು, ಆದರೆ ಅದು ಕ್ಯಾಂಟ್ರಿಪ್, ಅಂದರೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರ, ಆಗಿರಬೇಕು. ಏಟು ಬಿದ್ದಾಗ ಮಂತ್ರದ ಮೇಲಿನ ಹಿಡಿತ ಉಳಿಯಲು 10 ಬೇಕು, ಆದರೆ ಏಟಿನ ಅರ್ಧ ಅದಕ್ಕಿಂತ ಜಾಸ್ತಿ ಇದ್ದರೆ ಅಷ್ಟು ಬೇಕು. ಒಂದೊಂದನ್ನೇ ನೋಡಿದರೆ ಎಲ್ಲದಕ್ಕೂ ಕಾರಣ ಇದೆ. ಹೋರಾಟದ ಮಧ್ಯೆ ನೆನಪಿಗೆ ಬರುವುದಿಲ್ಲ, ಅಷ್ಟೇ.

“ಇದೇ ಸರದೀಲಿ ಇನ್ನೊಂದು ಮಂತ್ರ ಹಾಕಬಹುದಾ?”

“ಹಾಕಬಹುದು ಅನ್ಸುತ್ತೆ. ತಡಿ, ಪುಸ್ತಕ ನೋಡೋಣ.”

“ನೀನು ನೋಡೋದ್ರೊಳಗೆ ನಾನು ಸತ್ತೇ ಹೋಗಿರ್ತೀನಿ ಬಿಡು.”

ಇನ್ನೊಂದು ವಿಷಯವೂ ಆ ಗೀಟುಗಳಿಂದ ಗೊತ್ತಾಯಿತು. ಯೋಧನನ್ನು ಆಡುವವನಿಗೆ ಯೋಧನ ‘ಆದರೆ’ ಗೊತ್ತಿದ್ದರೆ ಸಾಕು. ಗೇಮ್ ಮಾಸ್ಟರ್‌ಗೆ ಎಲ್ಲರದ್ದೂ ಗೊತ್ತಿರಬೇಕು, ಜೊತೆಗೆ ಪ್ರತಿ ರಾಕ್ಷಸನದ್ದೂ. ಹಾಗಾಗಿ ‘ಈ ಆಟ ಕಷ್ಟನಾ?’ ಅಂತ ಆಟಗಾರನನ್ನು ಕೇಳಿದರೆ ಒಂದು ಉತ್ತರ ಬರುತ್ತದೆ, ಆಡಿಸುವವನನ್ನು ಕೇಳಿದರೆ ಇನ್ನೊಂದು.

ಐದನೇ ಆವೃತ್ತಿಯನ್ನು ಸುಮ್ನೆ ಬೈಯುವುದು ನ್ಯಾಯ ಅಲ್ಲ. ಅದರ ಹಿಂದಿನದ್ದನ್ನು ಆಡಿದವರಿಗೆ ಅದೇ ಒಂದು ಬಿಡುಗಡೆ. 2003ರ ಮೂರೂವರೆ ಆವೃತ್ತಿಯಲ್ಲಿ ಯಾರನ್ನಾದರೂ ತಬ್ಬಿ ಹಿಡಿಯಬೇಕು ಅಂದುಕೊಳ್ಳಿ. ಮೊದಲು ಅವನಿಗೆ ನಿಮ್ಮ ಮೇಲೆ ಒಂದು ಪುಕ್ಕಟೆ ಏಟು. ಅದು ತಗಲಿ ನೋವಾದರೆ ನಿಮ್ಮ ಪ್ರಯತ್ನ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಮುಟ್ಟುವುದಕ್ಕೆ ಒಂದು ದಾಳ. ಮುಟ್ಟಿದ ಮೇಲೆ ಇಬ್ಬರೂ ಹಿಡಿತದ ದಾಳ ಹಾಕಬೇಕು. ಅದಕ್ಕೆ ಗಾತ್ರದ ಲೆಕ್ಕ ಬೇರೆ, ಮನುಷ್ಯನ ಗಾತ್ರಕ್ಕಿಂತ ಒಂದೊಂದು ಮೆಟ್ಟಿಲು ದೊಡ್ಡವನಾದರೆ ನಾಲ್ಕು ನಾಲ್ಕು ಜಾಸ್ತಿ. ಇಷ್ಟಾದ ಮೇಲೆ ಹಿಡಿದವನು ಏನು ಮಾಡಬಹುದು, ಸಿಕ್ಕಿಬಿದ್ದವನು ಏನು ಮಾಡಬಾರದು ಅನ್ನುವ ಪಟ್ಟಿ ಶುರು. ನಮ್ಮ ಗುಂಪಿನಲ್ಲಿ ಆಗ ಯಾರೂ ಯಾರನ್ನೂ ಹಿಡಿಯುತ್ತಲೇ ಇರಲಿಲ್ಲ. ನಿಯಮ ಇದ್ದೂ ಆ ಕೆಲಸ ಆಟದಿಂದಲೇ ಮಾಯವಾಗಿತ್ತು. 2014ರಲ್ಲಿ ಇದನ್ನೇ ಒಂದು ಸಲದ ಬಲಾಬಲ ಪರೀಕ್ಷೆಗೆ ಇಳಿಸಿದರು.

ಅದೇ ಆವೃತ್ತಿಯ ಅಡ್ವಾಂಟೇಜ್ ನಿಯಮ ನನಗೆ ಇವತ್ತಿಗೂ ಇಷ್ಟ. ಪರಿಸ್ಥಿತಿ ನಿನ್ನ ಕಡೆಗಿದ್ದರೆ ಎರಡು ದಾಳ ಹಾಕಿ ಅನುಕೂಲವಾದದ್ದನ್ನು ಇಟ್ಟುಕೋ. ಎತ್ತರದಲ್ಲಿದ್ದೀಯ, ಪ್ಲಸ್ ಒಂದು. ಶತ್ರು ಬಿದ್ದಿದ್ದಾನೆ, ಪ್ಲಸ್ ನಾಲ್ಕು ಅಂತ ಕೂಡುವ ಗೋಜು ಇಲ್ಲ. 11 ಬೇಕಾದಾಗ ಒಂದು ದಾಳದಲ್ಲಿ ನೂರಕ್ಕೆ 50 ಇದ್ದ ಅವಕಾಶ ಎರಡು ದಾಳದಲ್ಲಿ 75 ಆಗುತ್ತದೆ. ಕೈಯಲ್ಲಿ ಎರಡು ದಾಳ ಕುಲುಕುವಾಗ ಆಟಗಾರನ ಮುಖ ಬೇರೆಯೇ ಆಗುತ್ತದೆ. ನನ್ನ ಹಾಳೆಯಲ್ಲಿ ಈ ನಿಯಮ ಇವತ್ತಿಗೂ ಉಳಿದಿದೆ.

ಬೇರೆ ಪದ್ಧತಿ ಹುಡುಕುವಾಗ ಹಳೆಯ ಕಥೆಯನ್ನೂ ಓದಿದೆ. ಈ ಜಗಳ ಹೊಸದೇನಲ್ಲ. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಅದು ಮೂರು ಸಣ್ಣ ಕಿರುಪುಸ್ತಕ. ಎಷ್ಟೋ ಕಡೆ ಅರ್ಧಂಬರ್ಧ, ಉಳಿದದ್ದನ್ನು ಆಡಿಸುವವನೇ ತುಂಬಿಕೊಳ್ಳಬೇಕು. ಮರುವರ್ಷವೇ ಕೆನ್ ಸೇಂಟ್ ಆಂಡ್ರೆ ಟನಲ್ಸ್ ಅಂಡ್ ಟ್ರೋಲ್ಸ್ ಬರೆದರು. ಇದು ಅದಕ್ಕಿಂತ ಸರಳ ಇರಬೇಕು, ಎಲ್ಲರ ಮನೆಯಲ್ಲೂ ಸಿಗುವ ಆರು ಮುಖದ ದಾಳವೇ ಸಾಕಾಗಬೇಕು ಅನ್ನುವುದು ಅವರ ಹಟ. ಅಂದರೆ ಈ ಬಗೆಯ ಆಟಕ್ಕೆ ಎರಡು ವರ್ಷ ತುಂಬುವುದರೊಳಗೇ ‘ಇನ್ನೂ ಸರಳ ಮಾಡಿ’ ಅನ್ನುವವರು ಹುಟ್ಟಿಕೊಂಡಿದ್ದರು.

ಅದಕ್ಕೂ ಹಿಂದಿನ ಕಥೆ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಪ್ರಷ್ಯಾದ ಸೈನ್ಯದಲ್ಲಿ ಅಧಿಕಾರಿಗಳ ತರಬೇತಿಗೆ ಕ್ರೀಗ್ಸ್‌ಪೀಲ್ ಅಂತ ಒಂದು ಯುದ್ಧದಾಟ ಇತ್ತು. ರೈಸ್‌ವಿಟ್ಸ್ 1824ರಲ್ಲಿ ಅದಕ್ಕೆ ನಕ್ಷೆ, ದಾಳ, ನಷ್ಟದ ಕೋಷ್ಟಕ ಎಲ್ಲ ಸೇರಿಸಿ ನಿಯಮ ಬರೆದ. ಕಾಲ ಹೋದಂತೆ ಕೋಷ್ಟಕಗಳ ಲೆಕ್ಕವೇ ದೊಡ್ಡ ತಲೆನೋವಾಯಿತು. 1876ರಲ್ಲಿ ಯೂಲಿಯಸ್ ಫಾನ್ ವೆರ್ಡಿ ದು ವೆರ್ನ್ವಾ ಅನ್ನುವ ಸೇನಾಧಿಕಾರಿ ಒಂದು ದಾರಿ ತೋರಿಸಿದರು: ಕೋಷ್ಟಕ ಬಿಡಿ, ಯುದ್ಧ ಕಂಡ ಅಂಪೈರ್ ತನ್ನ ಅನುಭವದಿಂದ ಫಲಿತಾಂಶ ಹೇಳಲಿ. ಇಲ್ಲಿ ಒಂದು ಷರತ್ತು ಅಡಗಿದೆ ನೋಡಿ. ಅಂಪೈರ್ ಯುದ್ಧ ಕಂಡಿರಬೇಕು. ಕೋಷ್ಟಕದಲ್ಲಿದ್ದ ತಿಳಿವಳಿಕೆ ಎಲ್ಲೂ ಹೋಗಲಿಲ್ಲ, ಅವನ ತಲೆಗೆ ಬಂದು ಕೂತಿತು. ನಾನು ಡ್ರ್ಯಾಗನ್ ಕೊಂದವನಲ್ಲ. ಪುಸ್ತಕದ ನಿಯಮ ತೆಗೆದರೆ ಆ ಜಾಗದಲ್ಲಿ ನನ್ನ ತೀರ್ಮಾನ ನಿಲ್ಲಬೇಕು, ಅದನ್ನು ಆಟಗಾರರು ನಂಬಬೇಕು. ಹಾಗಾಗಿ ಯಾವ ನಿಯಮ ತೆಗೆಯಬೇಕು ಅನ್ನುವ ಪ್ರಶ್ನೆಯನ್ನು ನಾನು ಹೀಗೆ ಇಟ್ಟುಕೊಂಡೆ: ಎಲ್ಲಿ ನನ್ನ ಮಾತನ್ನು ಅವರು ತಕರಾರಿಲ್ಲದೆ ಒಪ್ಪುತ್ತಾರೆ? ಎಲ್ಲಿ ಒಪ್ಪುವುದಿಲ್ಲ? ಬೀಗ ಒಡೆಯುವುದು, ಗೋಡೆ ಹತ್ತುವುದು, ಕಾವಲುಗಾರನಿಗೆ ಸುಳ್ಳು ಹೇಳುವುದು, ಇಲ್ಲೆಲ್ಲ ನನ್ನ ಮಾತು ನಡೆಯುತ್ತದೆ. ಪಾತ್ರ ಸಾಯುವಾಗ ನಡೆಯುವುದಿಲ್ಲ. ಅಲ್ಲಿ ನಿಯಮ ಬೇಕೇ ಬೇಕು.

ಕೆಲವು ಪದ್ಧತಿಗಳನ್ನು ಆಡಿ ನೋಡಿದೆವು. ಜಾನ್ ಹಾರ್ಪರ್ ಅವರ ಲೇಸರ್ಸ್ ಅಂಡ್ ಫೀಲಿಂಗ್ಸ್ ಒಂದೇ ಪುಟ. ಪಾತ್ರಕ್ಕೆ 2ರಿಂದ 5ರವರೆಗಿನ ಒಂದೇ ಒಂದು ಸಂಖ್ಯೆ. ಒಂದು ಸಂಜೆ ನಗುವುದಕ್ಕೆ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ತಿಂಗಳುಗಟ್ಟಲೆ ಎಳೆಯುವ ಕಥೆಗೆ ಅದು ಸಾಲದು. ಆಮೇಲೆ ಡಂಜನ್ ವರ್ಲ್ಡ್. ಎರಡು ಆರು ಮುಖದ ದಾಳ, 10 ಅಥವಾ ಜಾಸ್ತಿ ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಗೆಲುವಿನ ಜೊತೆ ಏನಾದರೂ ತೆರಬೇಕು, 6 ಅಥವಾ ಕಡಿಮೆ ಬಂದರೆ ಎಡವಟ್ಟು. ಓದುವಾಗ ತುಂಬ ಇಷ್ಟವಾಗಿತ್ತು. ಬೋನಸ್ ಇಲ್ಲದಿದ್ದರೆ 7–9 ಬೀಳುವುದು 36ರಲ್ಲಿ 15 ಸಲ. ಅಂದರೆ ನೂರಕ್ಕೆ ಸುಮಾರು 42 ಸಲ ‘ಗೆದ್ದೆ, ಆದರೆ...’ ಅಂತ ನಾನು ಏನಾದರೂ ಹೊಸದಾಗಿ ಹುಟ್ಟಿಸಬೇಕು. ಮೊದಲ ಗಂಟೆ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಎಲ್ಲರ ಕತ್ತಿಗಳೂ ಕೈಜಾರಿ ಬೀಳಲು ಶುರು. ಇದನ್ನು ಸೊಗಸಾಗಿ ಆಡಿಸುವವರು ಇದ್ದಾರೆ, ನನಗೆ ಮಾತ್ರ ದಣಿವಾಗುತ್ತಿತ್ತು.

ನಮಗೆ ಹೊಂದಿದ್ದು ಕೇರ್ನ್. ಯೊಕಾಯ್ ಗಾಲ್ 2020ರಲ್ಲಿ ತಂದದ್ದು, ತೆಳ್ಳಗಿನ ಪುಸ್ತಕ, ನಿಯಮಗಳು ಪುಕ್ಕಟೆಯಾಗಿ ಸಿಗುತ್ತವೆ. ಕ್ರಿಸ್ ಮೆಕ್‌ಡವಲ್ ಅವರ ಇನ್‌ಟು ದಿ ಆಡ್, ಬೆನ್ ಮಿಲ್ಟನ್ ಅವರ ನೇವ್, ಈ ಎರಡರಿಂದ ಎತ್ತಿಕೊಂಡದ್ದು ಅದರಲ್ಲಿ ಬಹಳ ಇದೆ. ಪಾತ್ರಕ್ಕೆ ಮೂರೇ ಗುಣ: ಬಲ, ಚುರುಕು, ಮನೋಬಲ. ಅಪಾಯ ಬಂದಾಗ ಇಪ್ಪತ್ತರ ದಾಳ ಹಾಕಿ, ನಿಮ್ಮ ಗುಣದ ಸಂಖ್ಯೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಪಾರಾದಿರಿ. ಬಲ 12 ಇದ್ದರೆ ನೂರಕ್ಕೆ 60. ಯೋಧ, ಕಳ್ಳ ಅಂತ ವಿಂಗಡಿಸುವ ಕ್ಲಾಸ್ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುವ ಲೆವೆಲ್ ಇಲ್ಲ. ನೀವು ಹೊತ್ತುಕೊಂಡದ್ದೇ ನೀವು. ಸಾಮಾನಿಗೆ ಹತ್ತು ಜಾಗ, ಹತ್ತೂ ತುಂಬಿದರೆ ಹಿಟ್ ಪಾಯಿಂಟ್, ಅಂದರೆ ಏಟು ತಡೆಯುವ ಅಂಕ, ಸೊನ್ನೆಗೆ ಇಳಿಯುತ್ತದೆ. ಮಂತ್ರದ ಪುಸ್ತಕವೂ ಒಂದು ಜಾಗ ತಿನ್ನುತ್ತದೆ. ಮಂತ್ರ ಹಾಕಿದರೆ ಬರುವ ಆಯಾಸ ಇನ್ನೊಂದು ಜಾಗ ಹಿಡಿಯುತ್ತದೆ. ಮಾಂತ್ರಿಕನ ಇಡೀ ಲೆಕ್ಕ ಅವನ ಚೀಲದಲ್ಲೇ ಮುಗಿಯಿತು. ಹಿಂದೆ ನಮ್ಮಲ್ಲಿ ಯಾರೂ ಸಾಮಾನಿನ ತೂಕ ಕೂಡುತ್ತಿರಲಿಲ್ಲ. ಈಗ ‘ಹಗ್ಗ ಬಿಡಲಾ, ಚಿನ್ನ ಬಿಡಲಾ’ ಅಂತ ಗಂಭೀರವಾಗಿ ಚರ್ಚೆ ಮಾಡುತ್ತಾರೆ.

ದೊಡ್ಡ ವ್ಯತ್ಯಾಸ ಹೊಡೆದಾಟದಲ್ಲಿ. ಐದನೇ ಆವೃತ್ತಿಯಲ್ಲಿ +5 ಬೋನಸ್ ಇರುವವನು ಆರ್ಮರ್ ಕ್ಲಾಸ್, ಅಂದರೆ ಏಟು ತಗಲಲು ಬೇಕಾದ ಅಂಕ, 15 ಇರುವ ಶತ್ರುವಿಗೆ ಹೊಡೆದರೆ ತಗಲುವ ಸಾಧ್ಯತೆ ನೂರಕ್ಕೆ 55. ಉಳಿದ 45 ಸಲ ಅವನ ಸರದಿ ವ್ಯರ್ಥ, ಮತ್ತೆ ಎಲ್ಲರ ಸರದಿ ಮುಗಿಯುವವರೆಗೆ ಕಾಯಬೇಕು. ಕೇರ್ನ್‌ನಲ್ಲಿ ತಗಲಿತಾ ಇಲ್ಲವಾ ಅನ್ನುವ ದಾಳವೇ ಇಲ್ಲ. ನೇರ ಏಟಿನ ದಾಳ ಹಾಕಿ, ರಕ್ಷಾಕವಚದ ಅಂಕ ಕಳೆಯಿರಿ, ಅದೂ 3 ದಾಟುವುದಿಲ್ಲ. ಉಳಿದದ್ದು ಹಿಟ್ ಪಾಯಿಂಟ್‌ಗೆ. ಅದು ಮುಗಿದ ಮೇಲೆ ಏಟು ಬಲಕ್ಕೇ ಬೀಳುತ್ತದೆ, ಆಗ ಬಲದ ದಾಳದಲ್ಲಿ ಸೋತರೆ ಪಾತ್ರ ನೆಲಕ್ಕೆ. ಮೂವರು ಸೇರಿ ಒಬ್ಬನ ಮೇಲೆ ಬಿದ್ದರೆ ಮೂವರ ದಾಳದಲ್ಲಿ ದೊಡ್ಡದನ್ನು ಮಾತ್ರ ಹಿಡಿಯಬೇಕು. ಈ ಒಂದು ಸಾಲಿನಿಂದ ನನ್ನ ಹೋರಾಟಗಳು ಬದಲಾದವು. ಆರು ಮುಖದ ಮೂರು ದಾಳ ಹಾಕಿದರೆ ದೊಡ್ಡದರ ಸರಾಸರಿ ಹೆಚ್ಚುಕಡಿಮೆ 5, ಒಂದೇ ಹಾಕಿದರೆ 3.5. ಮುತ್ತಿಗೆ ಹಾಕಿದರೆ ಲಾಭ ಇದೆ, ಆದರೆ ಮೂರು ಪಟ್ಟು ಇಲ್ಲ. ಹಾಗಾಗಿ ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ದೀಪ ಆರಿಸುತ್ತಾನೆ, ಮತ್ತೊಬ್ಬ ಬಾಗಿಲು ಮುಚ್ಚಲು ಓಡುತ್ತಾನೆ. ಶತ್ರುಗಳೂ ಕೊನೆಯವರೆಗೆ ನಿಲ್ಲಬೇಕಿಲ್ಲ. ಅವರ ಕಡೆ ಮೊದಲ ಹೆಣ ಬಿದ್ದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಮನೋಬಲದ ದಾಳ, ಸೋತರೆ ಓಟ. ಹೊಡೆದಾಟ ಬೇಗ ಮುಗಿಯುವುದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ಲೆಕ್ಕ, ಏಟಿನ ದಾಳ ಆಮೇಲಿನದ್ದು.

ಇನ್ನು ನನ್ನ ಹೆಗಲಿನ ಭಾರ. ಪುಸ್ತಕದಲ್ಲಿ ಉತ್ತರ ಇಲ್ಲದ ಪ್ರಶ್ನೆ ಈಗ ಐದೈದು ನಿಮಿಷಕ್ಕೊಂದು ಬರುತ್ತದೆ. ಒಂದು ರೂಢಿ ಇಟ್ಟುಕೊಂಡಿದ್ದೇನೆ: ದಾಳ ಉರುಳುವ ಮೊದಲೇ ಗೆದ್ದರೆ ಏನು, ಸೋತರೆ ಏನು ಅಂತ ಬಾಯಿಬಿಟ್ಟು ಹೇಳುವುದು. ‘ಹಾರಿದರೆ ಆಚೆ ದಡ, ತಪ್ಪಿದರೆ ಆರರ ದಾಳದಷ್ಟು ಏಟು, ಚೀಲವೂ ನೀರು ಪಾಲು. ಹಾರ್ತೀಯಾ?’ ಆಟಗಾರನಿಗೆ ಹಿಂದೆ ಸರಿಯಲು ಅವಕಾಶ ಇರುತ್ತದೆ. ಹಾರಿದ ಮೇಲೆ ಯಾರೂ ಜಗಳ ತೆಗೆಯುವುದಿಲ್ಲ. ಎರಡನೆಯದು, ಕೊಟ್ಟ ತೀರ್ಪನ್ನು ಅಲ್ಲೇ ಬರೆದಿಡುವುದು. ಅದೇ ಪ್ರಶ್ನೆ ಮತ್ತೆ ಬಂದರೆ ಅದೇ ಉತ್ತರ. ಹೀಗೆ ಬರೆಯುತ್ತಾ ಹೋದರೆ ಮತ್ತೆ ದಪ್ಪ ಪುಸ್ತಕ ಆಗುವುದಿಲ್ಲವಾ ಅಂತ ಒಬ್ಬ ಗೆಳೆಯ ಕೇಳಿದ. ಆಗುತ್ತದೆ. ಅದಕ್ಕೇ ಹಾಳೆ ಒಂದೇ. ಹೊಸದು ಬರೆಯಲು ಜಾಗ ಇಲ್ಲದಿದ್ದರೆ ಹಳೆಯದೊಂದನ್ನು ಹೊಡೆದುಹಾಕಬೇಕು.

ಹೊರಗಿನಿಂದ ತಂದು ಸೇರಿಸಿದ ನಿಯಮ ಇನ್ನೊಂದಿದೆ. ದಿ ಬ್ಲ್ಯಾಕ್ ಹ್ಯಾಕ್ ಅನ್ನುವ ಇನ್ನೊಂದು ಸರಳ ಆಟದ ಬಳಕೆ ದಾಳ. ಬಾಣ ಎಷ್ಟಿವೆ ಅಂತ ಎಣಿಸುವ ಬದಲು ಬತ್ತಳಿಕೆಗೆ ಎಂಟು ಮುಖದ ಒಂದು ದಾಳ ಕೊಡುವುದು. ಬಳಸಿದಾಗ ಉರುಳಿಸಬೇಕು. 1 ಅಥವಾ 2 ಬಿದ್ದರೆ ದಾಳ ಆರು ಮುಖಕ್ಕೆ ಇಳಿಯುತ್ತದೆ, ಆಮೇಲೆ ನಾಲ್ಕಕ್ಕೆ, ಆಮೇಲೆ ಖಾಲಿ. ಸರಾಸರಿ ಲೆಕ್ಕ ಹಾಕಿದರೆ ಒಂಬತ್ತು ಸಲ ಬರುತ್ತದೆ. ಎಣಿಸುವ ಗೋಜು ತಪ್ಪಿತು, ಆದರೂ ಖಾಲಿಯಾಗುವ ಭಯ ಉಳಿಯಿತು.

ಎಲ್ಲರಿಗೂ ಇದು ಹಿಡಿಸಿತು ಅಂತ ಹೇಳಲಾರೆ. ನಮ್ಮ ಗುಂಪಿನಲ್ಲಿ ಒಬ್ಬನಿಗೆ ಪಾತ್ರ ಕಟ್ಟುವುದೇ ಅರ್ಧ ಆಟ. ವಾರವೆಲ್ಲ ಕೂತು ಯಾವ ಲೆವೆಲ್‌ನಲ್ಲಿ ಯಾವ ಶಕ್ತಿ ತಗೊಳ್ಳಬೇಕು ಅಂತ ಜೋಡಿಸುತ್ತಿದ್ದ. “ಇದರಲ್ಲಿ ಮನೇಲಿ ಕೂತು ಮಾಡೋಕೆ ಏನೂ ಇಲ್ವಲ್ಲೋ” ಅಂದ. ಅವನ ದೂರು ಸರಿಯಾಗಿಯೇ ಇದೆ. ದೊಡ್ಡ ನಿಯಮಪುಸ್ತಕ ಕೊಡುವ ಆ ಒಂಟಿ ಸುಖವನ್ನು ಸಣ್ಣ ಪುಸ್ತಕ ಕೊಡುವುದಿಲ್ಲ. ಅವನಿಗೆ ಈಗ ಒಂದು ಪಾಳುಕೋಟೆ ಒಪ್ಪಿಸಿದ್ದೇನೆ. ಅದರ ದುರಸ್ತಿ, ಕಾವಲು, ಅಲ್ಲಿ ನೆಲೆಸಿದ ಜನರ ಪಟ್ಟಿ ಎಲ್ಲ ಅವನೇ ಬರೆಯುತ್ತಾನೆ. ಸಮಾಧಾನ ಆಗಿದೆ, ಪೂರ್ತಿ ಅಲ್ಲ. ಬೇರೊಂದು ಗುಂಪಿನಲ್ಲಿ ಐದನೇ ಆವೃತ್ತಿ ಆಡುವುದನ್ನೂ ಅವನು ಬಿಟ್ಟಿಲ್ಲ.

ಹಳೆಯ ಸಾಹಸಗಳ ಪುಸ್ತಕ ನಿಮ್ಮಲ್ಲಿದ್ದರೆ ಎಸೆಯಬೇಡಿ. ಅದರ ರಾಕ್ಷಸರನ್ನು ಕೇರ್ನ್‌ಗೆ ಇಳಿಸಿಕೊಳ್ಳುವುದು ಸುಲಭ. ಸಾಧಾರಣದವನಿಗೆ 3 ಹಿಟ್ ಪಾಯಿಂಟ್, ಗಟ್ಟಿಗನಿಗೆ 6, ನಿಜವಾದ ಗಂಡಾಂತರಕ್ಕೆ 10 ಅಥವಾ ಜಾಸ್ತಿ. ಗುಣಗಳೆಲ್ಲ 10 ಅಂತ ಹಿಡಿದು, ಎದ್ದು ಕಾಣುವುದನ್ನು ಮಾತ್ರ ಏರಿಸಿ ಇಳಿಸಿ. ಚರ್ಮ ದಪ್ಪ ಇದ್ದರೆ ಕವಚ 1, ಚಿಪ್ಪಿದ್ದರೆ 2, ಕಲ್ಲಿನ ಮೈಯಾದರೆ 3. ನಾನು ಇದನ್ನು ಆಟದ ಮಧ್ಯೆಯೇ, ಆಟಗಾರರು ಬಾಗಿಲು ತೆರೆಯಲೋ ಬೇಡವೋ ಅಂತ ವಾದ ಮಾಡುತ್ತಿರುವಾಗ ಮಾಡಿ ಮುಗಿಸುತ್ತೇನೆ. ಅವರ ವಾದಕ್ಕೆ ಬೇಕಾದಷ್ಟು ಸಮಯ ಇರುತ್ತದೆ.